ಅತ್ತೆ ಹಿಡಿದ ಎರಡು ಗುಳಿಗೆಯ ಜಗಳ

ಹುಮನಾಬಾದಿನ ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿ ಎಂಟು ವರ್ಷ ಕಳೆದಿದ್ದೆ. ಔಷಧಿ ವಿಷಯದಲ್ಲಿ ಮನೆಯವರೆಲ್ಲ ನನ್ನ ಮಾತು ಕೇಳಬೇಕು ಎಂಬ ಠೇಂಕಾರವೂ ಒಂದಿಷ್ಟು ಇತ್ತು. ಅತ್ತೆ, ಮಾವ ಬಸವಕಲ್ಯಾಣದಲ್ಲಿದ್ದರು. ಮಾವನದು ಬಟ್ಟೆ ಅಂಗಡಿ. ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಮಾವನ ಕಾಲಿನ ಹೆಬ್ಬೆರಳು ಕೆಂಪಗೆ ಬಾತು, ಧೋತರ ತಾಕಿದರೂ ಚೀರುವಂತಾಯಿತು. ನಮ್ಮ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಯೂರಿಕ್ ಆಸಿಡ್ ಹೆಚ್ಚಾಗಿದೆ ಎಂದರು. ನೋವು ಇಳಿದ ಮೇಲೆ ದಿನಕ್ಕೊಂದು ಅಲೊಪ್ಯುರಿನಾಲ್ ಎಂಬ ಬಿಳಿ ಮಾತ್ರೆ ಶುರುವಾಯಿತು. ಅದನ್ನು ಮರೆಯದೆ ನುಂಗಿಸುವ ಕೆಲಸ ಅತ್ತೆಯದು.

ಚಳಿಗಾಲಕ್ಕೆ ಮಾವನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಬಸವಕಲ್ಯಾಣದಲ್ಲೇ ಒಬ್ಬ ಡಾಕ್ಟರು ಆಂಪಿಸಿಲಿನ್ ಕ್ಯಾಪ್ಸೂಲು ಕೊಟ್ಟರು. ಬೇರೆ ಏನು ನುಂಗುತ್ತೀರಿ ಎಂದು ಅವರು ಕೇಳಲಿಲ್ಲ, ಮಾವ ಹೇಳಲೂ ಇಲ್ಲ. ಐದನೆಯ ದಿನ ಬೆನ್ನು, ಹೊಟ್ಟೆ, ತೋಳಿನ ತುಂಬ ಕೆಂಪು ದದ್ದು ಎದ್ದವು. ಓಣಿಯ ಹೆಂಗಸರು "ಅಮ್ಮ ಬಂದಾಳ" ಎಂದು ಬೇವಿನ ಸೊಪ್ಪು ತಂದರು. ಅತ್ತೆ ಎರಡೂ ಔಷಧಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಮಾವನನ್ನು ಬಸ್ಸಿಗೆ ಹತ್ತಿಸಿ ನೇರ ನಮ್ಮ ಆಸ್ಪತ್ರೆಗೆ ಬಂದರು.

ನಾನು ದದ್ದು ನೋಡಿ, "ಅತ್ತೀ, ಅವರಿಗಿ ಈ ಕ್ಯಾಪ್ಸೂಲು ಆಗಿಬರಲ್ಲ. ಬಿಡಿಸಿದ್ರ ಆಯ್ತು," ಎಂದೆ.

"ಹ್ಯಾಂಗ ಆಗಿಬರಲ್ಲ? ಹೋದ ವರ್ಷ ಕಾಲಾಗ ಮುಳ್ಳು ಹೊಕ್ಕು ಕೀವು ಆದಾಗ ಇದೇ ಕೆಂಪು-ಕರಿ ಗುಳಿಗಿ ನುಂಗ್ಯಾರ. ಒಂದು ಗುಳ್ಳಿ ಎದ್ದಿದ್ದಿಲ್ಲ. ಈ ಬಿಳಿ ಗುಳಿಗಿ ಆರು ತಿಂಗಳಿಂದ ನುಂಗಾಕತ್ತಾರ, ಅದರಿಂದನೂ ಏನೂ ಆಗಿಲ್ಲ. ಎರಡೂ ಕೂಡಿದ ಮ್ಯಾಲೆ ಹಿಂಗಾಗ್ಯದ."

"ಹಂಗೆಲ್ಲ ಇರಲ್ಲ ಬಿಡ್ರಿ," ಎಂದೆ ನಾನು.

ಅತ್ತೆ ನನ್ನ ಜೊತೆ ವಾದಕ್ಕೆ ನಿಲ್ಲಲಿಲ್ಲ. ಡಾಕ್ಟರ ಕೋಣೆಗೆ ಹೋಗಿ, ಗಂಟು ಬಿಚ್ಚಿ, ಮೇಜಿನ ಮೇಲೆ ಎರಡೂ ಇಟ್ಟು ಅದೇ ಮಾತು ಹೇಳಿದರು. ಡಾಕ್ಟರು ನಗುತ್ತಾರೆ ಅಂದುಕೊಂಡೆ. ಅವರು ಎದ್ದು ಕಪಾಟಿನಿಂದ ದಪ್ಪ ಪುಸ್ತಕ ತೆಗೆದು ಬಹಳ ಹೊತ್ತು ಹಾಳೆ ತಿರುವಿದರು.

"ಸಿಸ್ಟರ್, ಇಲ್ಲಿ ಬರ್ರಿ. ಇದನ್ನ ಓದ್ರಿ."

ಅಲೊಪ್ಯುರಿನಾಲ್ ತೆಗೆದುಕೊಳ್ಳುವವರಿಗೆ ಆಂಪಿಸಿಲಿನ್ ಕೊಟ್ಟರೆ ದದ್ದು ಏಳುವುದು ಹೆಚ್ಚು ಎಂದು ಅಲ್ಲಿ ಅಚ್ಚಾಗಿತ್ತು. ಓದುವಾಗ ನನ್ನ ಕಿವಿ ಬಿಸಿಯಾಯಿತು. "ನನಗೂ ಇದು ಲಕ್ಷ್ಯದಾಗ ಇದ್ದಿದ್ದಿಲ್ಲ ಅವ್ವಾ," ಎಂದರು ಡಾಕ್ಟರು ಅತ್ತೆಗೆ.

ಎರಡೂ ಔಷಧಿ ನಿಂತವು. ಕಫಕ್ಕೆ ಬೇರೆ ಔಷಧಿ ಕೊಟ್ಟರು. ಬಿಳಿ ಮಾತ್ರೆಯಿಂದಲೇ ದದ್ದು ಎದ್ದಿದ್ದರೆ ಅಪಾಯವಾಗಬಹುದು ಎಂದು ಮಾವನನ್ನು ವಾರ್ಡಿನಲ್ಲೇ ಇಟ್ಟುಕೊಂಡು, ಬಾಯಿ, ಕಣ್ಣಿನಲ್ಲಿ ಹುಣ್ಣು ಏಳುತ್ತದೆಯೇ ಎಂದು ದಿನಾ ನೋಡಿದರು. ಏನೂ ಏಳಲಿಲ್ಲ. ವಾರದೊಳಗೆ ದದ್ದು ಮಾಸಿ, ಸಿಪ್ಪೆ ಉದುರಿ, ಮಾವ ಅಂಗಡಿಯ ಚಿಂತೆ ಶುರು ಮಾಡಿದರು.

ಬಿಡುಗಡೆಯ ದಿನ ಡಾಕ್ಟರು ನರ್ಸುಗಳನ್ನೂ ಕಂಪೌಂಡರನನ್ನೂ ಕರೆದು ನಿಲ್ಲಿಸಿ, "ಅವ್ವಾ, ನೀವು ಇದನ್ನ ಹ್ಯಾಂಗ ಹಿಡದ್ರಿ, ಇವರಿಗೂ ಹೇಳ್ರಿ," ಎಂದರು. ಅತ್ತೆ ಸೆರಗು ಹೊದ್ದು, ಒಂಚೂರೂ ಅಳುಕದೆ, ಮೊದಲಿನಿಂದ ಎಲ್ಲ ಹೇಳಿದರು. ಹೊಸದಾಗಿ ಬಂದಿದ್ದ ನರ್ಸ್ ಒಬ್ಬಳು "ಇವರು ಯಾರ್ರಿ?" ಎಂದು ನನ್ನ ಕಿವಿಯಲ್ಲಿ ಕೇಳಿದಳು.

"ನಮ್ಮ ಅತ್ತಿ," ಎಂದೆ. ಮೆಲ್ಲಗೆ ಹೇಳಬೇಕಿತ್ತು. ಇಡೀ ವಾರ್ಡಿಗೆ ಕೇಳುವಷ್ಟು ಗಟ್ಟಿಯಾಗಿ ಬಂತು.