ಲೋಲಕ್ಕನ ಹ್ಯಾಂಡೋವರ್

ನನ್ನ ರೂಮ್‌ಮೇಟ್ ಲೋಲಾಕ್ಷಿ ಬೆಳಿಗ್ಗೆ ಎಂಟು ಗಂಟೆಗೆ ಬಂಗುಡೆ ಮೀನಿನ ಗಸಿ ಹಾಕಿಕೊಂಡು ಕುಚ್ಚಲಕ್ಕಿ ಅನ್ನ ಉಣ್ಣುತ್ತಾರೆ. ಎದುರಿಗೆ ಕೂತ ನಾನು ಬ್ರೆಡ್ಡಿಗೆ ಜಾಮ್ ಸವರುತ್ತಾ ಮೂಗು ಮುಚ್ಚಿಕೊಳ್ಳಬೇಕು. ಅವರಿಗೆ ಅದು ರಾತ್ರಿಯೂಟ, ನನಗೆ ತಿಂಡಿ. ಗಲ್ಫಿನ ಕರಾಮ ಬಡಾವಣೆಯ ನಮ್ಮ ಕೋಣೆಯ ಕಿಟಕಿಗೆ ಅವರು ಅಡುಗೆಯ ಫಾಯಿಲ್ ಅಂಟಿಸಿದ್ದಾರೆ, ಸೂರ್ಯನಿಗೆ ಪ್ರವೇಶವಿಲ್ಲ. ರಜೆಯ ದಿನ ಎದ್ದಾಗ ಹಗಲೋ ರಾತ್ರಿಯೋ ಎಂದು ನಾನು ಮೊಬೈಲನ್ನೇ ಕೇಳಬೇಕು.

ನಾವಿಬ್ಬರೂ ಒಂದೇ ಆಸ್ಪತ್ರೆಯ ನರ್ಸುಗಳು. ನಾನು ಫರ್ಝಾನ, ಊರು ಉಪ್ಪಿನಂಗಡಿ, ಕೆಲಸ ಹಗಲಿನ ಒಪಿಡಿಯಲ್ಲಿ. ಲೋಲಕ್ಕ ಹೆಬ್ರಿಯವರು, ನನಗಿಂತ ಹತ್ತು ವರ್ಷ ದೊಡ್ಡವರು, ಗಂಡಸರ ವಾರ್ಡಿನ ನೈಟ್ ಡ್ಯೂಟಿ. ನೈಟ್ ಯಾರಿಗೂ ಬೇಡ. ರೋಸ್ಟರ್ ಹಾಕುವಾಗ ಒಬ್ಬಳಿಗೆ ಮಗು, ಇನ್ನೊಬ್ಬಳಿಗೆ ತಲೆನೋವು. ಕೊನೆಗೆ ಉಳಿಯುವುದು "ನನಗೆ ತೊಂದರೆ ಇಲ್ಲ" ಎನ್ನುವ ಲೋಲಕ್ಕ. ಈ ಮಾತನ್ನು ಕಂಡುಹಿಡಿದವರನ್ನು ಹಿಡಿದು ಒಂದು ತಿಂಗಳು ನೈಟ್‌ಗೆ ಹಾಕಬೇಕು.

ಪಾಳಿ ಬದಲಾಗುವಾಗ ಹೋಗುವ ನರ್ಸ್ ಬರುವ ನರ್ಸಿಗೆ ಒಂದೊಂದು ಬೆಡ್ಡಿನ ಕತೆಯನ್ನೂ ಒಪ್ಪಿಸಬೇಕು. ಅದಕ್ಕೆ ಹ್ಯಾಂಡೋವರ್ ಎನ್ನುತ್ತೇವೆ. ಲೋಲಕ್ಕ ಅದನ್ನು ವಾರ್ಡಿನಲ್ಲಿ ಮುಗಿಸಿ ಬಂದರೂ ಮನೆಯಲ್ಲಿ ತಟ್ಟೆಯ ಮುಂದೆ ತೂಕಡಿಸುತ್ತಾ ಇನ್ನೊಮ್ಮೆ ಶುರುಮಾಡುತ್ತಾರೆ.

"ಬೆಡ್ ನಾಲ್ಕು. ಅಜ್ಜನಿಗೆ ಶುಗರ್ ಇನ್ನೂರ ಹತ್ತು. ರಾತ್ರಿಯಿಡೀ ಡ್ರಿಪ್ ಕಿತ್ತು ಹಾಕ್ತಾ ಇದ್ರು."

"ಆಯ್ತು ಲೋಲಕ್ಕ, ತಗೊಂಡೆ" ಎಂದು ನಾನು ಹೇಳಿದರೆ ಮಾತ್ರ ಮುಂದಿನ ಬೆಡ್ಡಿಗೆ ಹೋಗುವುದು. ಎಚ್ಚರವಾದ ಮೇಲೆ ಒಂದಕ್ಷರ ನೆನಪಿರುವುದಿಲ್ಲ. ಒಪಿಡಿಯಲ್ಲಿ ಇದನ್ನು ಅಭಿನಯಿಸಿ ತೋರಿಸಿ ನಾನು ಎಲ್ಲರನ್ನೂ ನಗಿಸುತ್ತಿದ್ದೆ.

ಮೊನ್ನೆ ಆಸ್ಪತ್ರೆಯಿಂದ ಎಲ್ಲ ನರ್ಸುಗಳ ಮೊಬೈಲಿಗೆ ಐದು ಪ್ರಶ್ನೆ ಬಂತು: ನಿದ್ದೆ ಬರುತ್ತದೆಯೇ, ಮನಸ್ಸು ಹೇಗಿದೆ, ಹೀಗೆ. ಉತ್ತರಕ್ಕೆ ನಗುವ, ಅಳುವ ಮುಖಗಳು. ಲೋಲಕ್ಕ ಐದಕ್ಕೂ ನಗುವ ಮುಖ ಒತ್ತಿ ಫೋನ್ ಕೆಳಗಿಟ್ಟರು.

"ಓದಿಯಾದ್ರೂ ಒತ್ತಿ ಮಾರಾಯ್ರೆ," ಎಂದೆ.

"ಓದ್ಲಿಕ್ಕೆ ಎಂತ ಉಂಟು? ಅಳುವ ಮುಖ ಒತ್ತಿದ್ರೆ ಸೂಪರ್‌ವೈಸರ್ ಮೇಡಂ ಕರೀತಾರೆ. ಫೈಲಲ್ಲಿ ಬರೀತಾರೆ. ಬರುವ ತಿಂಗಳು ಕಾಂಟ್ರಾಕ್ಟ್ ರಿನ್ಯೂ ಆಗ್ಬೇಕು. ಆಗದಿದ್ರೆ ಖಲಾಸ್! ಮತ್ತೆ ಊರಲ್ಲಿರುವ ಮಗಳ ಫೀಸು ಯಾರು ಕಟ್ಟುದು? ಅವಳೊಟ್ಟಿಗೆ ನಾನೂ ಕಾಲೇಜಿಗೆ ಹೋಗುದಾ?"

ಮರುದಿನ ಊಟ ಅರ್ಧಕ್ಕೆ ನಿಂತು ಅವರ ಕಣ್ಣು ಮುಚ್ಚಿತು. ನಾನು ನಗಲು ತಯಾರಾದೆ.

"ಬೆಡ್ ಒಂಬತ್ತು ಡಿಸ್ಚಾರ್ಜ್. ಬೆಡ್ ಹತ್ತು ಖಾಲಿ. ಮತ್ತೆ ಲೋಲಾಕ್ಷಿ, ನಲವತ್ತೊಂದು ವರ್ಷ. ಮಲಗಿದ್ರೆ ಹತ್ತು ನಿಮಿಷಕ್ಕೆ ಎಚ್ಚರ. ಸ್ಟೋರ್ ರೂಮಲ್ಲಿ ಬಾಗಿಲು ಹಾಕಿ ಅಳ್ತಾರೆ. ಮಗಳ ಫೋನ್ ತೆಗೀಲಿಕ್ಕೂ ಮನಸ್ಸಿಲ್ಲ."

ಬ್ರೆಡ್ಡನ್ನು ತಟ್ಟೆಗಿಟ್ಟೆ. ಹ್ಯಾಂಡೋವರ್ ತಗೊಳ್ಳುವವರು ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಕೇಳಿದೆ.

"ಡಾಕ್ಟರಿಗೆ ಹೇಳಿದ್ದೀರಾ?"

"ಇಲ್ಲ. ಯಾರಿಗೂ ಹೇಳಿಲ್ಲ."

"ಆಯ್ತು ಲೋಲಕ್ಕ. ತಗೊಂಡೆ."

ತಗೊಂಡೆ ಎಂದ ಮೇಲೆ ರೋಗಿ ನಮ್ಮ ಜವಾಬ್ದಾರಿ. ಲೋಲಕ್ಕನನ್ನು ಅಲುಗಾಡಿಸಿ ಎಬ್ಬಿಸಿ, ಅವರು ಹೇಳಿದ್ದನ್ನೆಲ್ಲ ಅವರಿಗೇ ಒಪ್ಪಿಸಿ, ಮೇಡಂ ಹತ್ತಿರ ಹೋಗೋಣ ಎಂದೆ. ಮೊದಲು ನಾನು ಸುಳ್ಳು ಹೇಳುತ್ತಿದ್ದೇನೆ ಎಂದರು. ಆಮೇಲೆ ತುಳುವಿನಲ್ಲಿ ಬೈದರು, ಅಂದರೆ ಸಿಟ್ಟು ನಿಜದ್ದು. ನಾನೂ ಬ್ಯಾರಿ ಭಾಷೆಯಲ್ಲಿ ತಿರುಗಿ ಕೊಟ್ಟೆ. ಕೊನೆಗೆ ಕೈ ತೊಳೆದುಕೊಂಡು, "ಯಲ್ಲಾ, ನಡಿ. ಕೆಲಸ ಹೋದ್ರೆ ನಿನ್ನನ್ನು ಬಿಡುದಿಲ್ಲ," ಎಂದು ಚಪ್ಪಲಿ ಮೆಟ್ಟಿದರು.

ನರ್ಸಿಂಗ್ ಸೂಪರ್‌ವೈಸರ್ ಮರಿಯಮ್ ಬೀವಿ ಕಾಸರಗೋಡಿನವರು; ಕನ್ನಡ ಬರುತ್ತದೆ, ನಗು ಬರುವುದಿಲ್ಲ. "ಎಂತ ವಿಷಯ?" ಎಂದು ಅವರು ಕೇಳಿದ್ದೇ ತಡ, ಲೋಲಕ್ಕ "ಎಂತ ಇಲ್ಲ ಮೇಡಂ, ಆರಾಮ" ಎಂದುಬಿಟ್ಟರು! ಮೇಜಿನ ಕೆಳಗೆ ಲೋಲಕ್ಕನ ಕಾಲು ತುಳಿದೆ.

"ಅದು... ನಿದ್ದೆ ಸರಿ ಇಲ್ಲ ಮೇಡಂ."

"ಎಷ್ಟು ದಿನ ಆಯ್ತು?"

ಎರಡು ಮೂರು ದಿನ ಎಂದು ತೇಲಿಸಿಬಿಡುತ್ತಾರೆ ಎಂದುಕೊಂಡೆ. ಲೋಲಕ್ಕ ಬೆರಳು ಮಡಚಿ ಎಣಿಸಿದರು.

"ಹನ್ನೊಂದು ತಿಂಗಳು."

ಅಷ್ಟೂ ತಿಂಗಳು ದಿನಾ ಅವರ ಎದುರಿಗೇ ಕೂತು ತಿಂಡಿ ತಿಂದವಳು ನಾನು. ನನಗೆ ನಾಚಿಕೆಯಾಯಿತು. ಮೇಡಂ ಎದ್ದು ಬಾಗಿಲು ಹಾಕಿ, ಮೇಜು ಬಳಸಿ ಬಂದು ಲೋಲಕ್ಕನ ಪಕ್ಕದಲ್ಲಿ ಕೂತರು.

"ಇವತ್ತು ರಾತ್ರಿ ಬರುದು ಬೇಡ. ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೇನೆ. ಕಾಂಟ್ರಾಕ್ಟಿನ ವಿಷಯ ನನಗೆ ಬಿಡು."

ಲೋಲಕ್ಕ ತಲೆಯಾಡಿಸಿದರು. ಆಮೇಲೆ ನಮ್ಮಿಬ್ಬರ ಎದುರಿಗೇ ಜೋರಾಗಿ ಅತ್ತರು.