ಹುರಿದ ಪಾಸ್ತಾ

ಬೇಸಿಗೆ ಬಂತೆಂದರೆ ನಮ್ಮತ್ತೆಯ ಬೆರಳುಗಳು ಹಸಿರುಗಪ್ಪಾಗುತ್ತಿದ್ದವು. ಟೊಮೆಟೊ ಬಿಡಿಸಿದ ಕೈಯ ಕರೆ ಅದು, ಸೋಪಿಗೆ ಜಗ್ಗುವುದಿಲ್ಲ. ತೋಟದಿಂದ ಬಂದವರೇ ಒಂದು ಟೊಮೆಟೊ ಹಿಸುಕಿ ಅದರ ರಸದಲ್ಲೇ ಕೈ ಉಜ್ಜಿಕೊಳ್ಳುತ್ತಿದ್ದರು. "ಮೆತ್ತಿದ್ದೋರೇ ತೊಳೀಲಿ" ಎನ್ನುವುದು ಅವರ ಮಾತು.

ಕ್ಯಾಲನೂರಿನ ಆ ಮನೆಗೆ ಸೊಸೆಯಾಗಿ ಬಂದ ಮರುವರ್ಷ ಬಸುರಿಯಾದೆ. ಏನು ತಿಂದರೂ ವಾಂತಿ. ಸೊಪ್ಪಿನ ಸಾರಿನ ವಾಸನೆಗೇ ಎದ್ದೋಡುತ್ತಿದ್ದೆ. ತೂಕ ಇಳಿಯುತ್ತಿದೆಯೆಂದು ಡಾಕ್ಟರಮ್ಮ ಗದರಿ ಕಳಿಸಿದ ದಿನ ಅತ್ತೆ ಎದುರಿಗೆ ಕೂತರು.

"ನಾಲಿಗೆ ಏನ್ ಕೇಳ್ತೈತೆ? ನಿಜ ಹೇಳು."

ಕಾನ್ವೆಂಟ್ ಹಾಸ್ಟೆಲಿನಲ್ಲಿ ಸಿಸ್ಟರ್ ಮಾಡುತ್ತಿದ್ದ ಪಾಸ್ತಾ ನೆನಪಾಗಿತ್ತು. ತರಕಾರಿ, ಬೇಕನ್ ಹಾಕಿದ್ದು. ಬೇಕನ್ ಅಂದರೇನೆಂದು ಹೇಳುವಾಗ ನನ್ನ ದನಿ ಇಳಿಯಿತು. ಕೋಳಿ, ಕುರಿ ಬೇಯುವ ಮನೆಯೇ. ಆದರೆ ಹಂದಿ ಮಾಂಸ ಎಂದೂ ಹೊಸ್ತಿಲು ದಾಟಿದ್ದಿಲ್ಲ. ಅತ್ತೆ ಎದ್ದು ಹಿತ್ತಲಿಗೆ ಹೋದರು.

ಮರುದಿನ ಸಂಜೆ ಯಜಮಾನರು ಕೋಲಾರದಿಂದ ಪಾಸ್ತಾ, ಬೇಕನ್ ಎರಡನ್ನೂ ತಂದರು. ಹಿತ್ತಲ ಹೊಂಗೆ ಮರದಡಿ ಅತ್ತೆ ಹೂಡಿದ ಮೂರು ಕಲ್ಲಿನ ಒಲೆ ಆಗಲೇ ಹೊಗೆಯಾಡುತ್ತಿತ್ತು.

"ಅದು ಒಳಗ್ ಬರಂಗಿಲ್ಲ. ನೀನು ಹೊರಗ್ ಬರಂಗಿಲ್ಲ ಅಂತ ಯಾರಾನ ಅಂದವ್ರಾ? ಬಾ."

ಟೊಮೆಟೊ, ದಪ್ಪಮೆಣಸಿನಕಾಯಿ, ಎಳೆ ಬೀನ್ಸು, ಸೌತೆಕಾಯಿಯಂಥ ಜುಕಿನಿ. ಜುಕಿನಿಯನ್ನು ಬೆಂಗಳೂರಿಗೆ ಕಳಿಸಲಷ್ಟೇ ಬೆಳೆಯುತ್ತಿದ್ದೆವು. "ಇದ್ನೂ ಮನುಷ್ಯರು ತಿಂತಾರಾ?" ಎನ್ನುತ್ತಲೇ ಸಣ್ಣಗೆ ಹೆಚ್ಚಿದರು. ನಾನು ಬೇಕನ್ ಪೊಟ್ಟಣ ಬಿಡಿಸುವಷ್ಟರಲ್ಲಿ ಪಾಸ್ತಾವನ್ನು ಬಾಣಲೆಗೆ ಸುರಿದು ಶ್ಯಾವಿಗೆಯಂತೆ ಕೆಂಪಗೆ ಹುರಿಯತೊಡಗಿದ್ದರು.

"ಅಯ್ಯೋ ಅತ್ತೆ, ಅದನ್ನ ಹುರಿಯಲ್ಲ! ನೇರ ಬಿಸಿನೀರಿಗೆ ಹಾಕೋದು."

"ಹುರೀದಿದ್ರೆ ಅಂಟಾಗಲ್ವಾ? ನಿಮ್ಮ ಸಿಸ್ಟರಿಗೆ ಯಾರೂ ಹೇಳ್ಕೊಟ್ಟಿಲ್ಲ, ಪಾಪ."

ಬೇಕನ್ ಚಟಪಟಗುಟ್ಟಿ ಕೊಬ್ಬು ಬಿಟ್ಟಾಗ ಸೆರಗನ್ನು ಮೂಗಿಗೆ ಒತ್ತಿಕೊಂಡರು. ಒಲೆಯ ಮುಂದಿನಿಂದ ಮಾತ್ರ ಏಳಲಿಲ್ಲ. ಆ ಕೊಬ್ಬಿನಲ್ಲೇ ಬೆಳ್ಳುಳ್ಳಿ, ತರಕಾರಿ ಬಾಡಿಸಿ, ಬೆಂದ ಪಾಸ್ತಾ ಕಲಸಿ ತಟ್ಟೆಗೆ ಹಾಕಿಕೊಂಡೆ. ಮೊದಲ ತುತ್ತು ಹೊಟ್ಟೆಯಲ್ಲಿ ನಿಂತಿತು. ಎರಡನೆಯದೂ. ಪ್ರೀತಿ ಉಕ್ಕಿದಾಗ ಮಾತ್ರ ಅತ್ತೆಯ ಮಾತು ತೆಲುಗಿಗೆ ಹೊರಳುತ್ತಿತ್ತು. "ತಿನು ತಲ್ಲೀ, ತಿನು" ಎಂದು ನನ್ನನ್ನೇ ತಾಯಿಯೆನ್ನುತ್ತ ಬೀಸಣಿಗೆಯಲ್ಲಿ ನೊಣ ಓಡಿಸಿದರು. ತಟ್ಟೆ ಬರಿದಾದ ಮೇಲೆ ಇಬ್ಬರೂ ತಲೆಗೆ ನೀರು ಹಾಕಿಕೊಂಡೇ ಒಳಗೆ ಹೋದದ್ದು.

"ದೇವ್ರಿಗೆ ನಾನ್ ಹೇಳ್ಕೊಂತೀನಿ. ನೀನು ಮಲಗು."

ಹೆರಿಗೆಯವರೆಗೂ ಹೊಂಗೆಯ ಕೆಳಗಿನ ಆ ಒಲೆ ಆರಲಿಲ್ಲ. ಮಗಳು ದುಂಡಗೆ ಹುಟ್ಟಿದಳು.

ಹೋದ ಬೇಸಿಗೆ ಅತ್ತೆ ಹಾಸಿಗೆ ಹಿಡಿದರು. ಗಂಜಿಗೂ ಮುಖ ತಿರುಗಿಸುತ್ತಿದ್ದರು. ಬರೀ ತರಕಾರಿ ಹಾಕಿ ಒಳಗಿನ ಒಲೆಯ ಮೇಲೆ ಪಾಸ್ತಾ ಮಾಡಿ, ಮೆತ್ತಗೆ ಕಿವುಚಿ ಚಮಚ ಹಿಡಿದೆ. ತುಟಿ ತೆರೆಯಲಿಲ್ಲ.

"ತಿನು ತಲ್ಲೀ" ಅಂದೆ. ನನಗೆ ಬಾಯಿಗೆ ಬರುವ ತೆಲುಗು ಅಷ್ಟೇ.

ಕಣ್ಣು ಬಿಟ್ಟರು, ಬಾಯಿ ತೆರೆದರು. ತುತ್ತನ್ನು ಎಷ್ಟೋ ಹೊತ್ತು ಬಾಯಲ್ಲೇ ಇಟ್ಟುಕೊಂಡು ಕೇಳಿದರು, "ಹುರಿದ್ಯಾ?"

"ಹುರಿದೆ, ಅತ್ತೆ."

ನುಂಗಿದರು. ಅವರು ಉಂಡ ಕೊನೆಯ ಊಟ ಅದು. ಬಾಯಿ ಒರೆಸುವಾಗ ನೋಡಿದೆ: ಬೇಸಿಗೆಯಾದರೂ ಅವರ ಬೆರಳುಗಳು ಬೆಳ್ಳಗಿದ್ದವು. ಬೆಳಗ್ಗೆ ತೋಟದಲ್ಲಿ ಟೊಮೆಟೊ ಬಿಡಿಸಿದವಳು ನಾನು. ಕರೆ ನನ್ನ ಕೈಯಲ್ಲಿತ್ತು.