ಒಂದೇ ಸಾಲು ಕಾಣುವ ತಗಡು

ನಾನು ಓದು ಬಿಟ್ಟದ್ದು 1996ರಲ್ಲಿ, ಒಂಬತ್ತನೇ ತರಗತಿಯ ಅರ್ಧಕ್ಕೆ. ಇಂಗ್ಲಿಷ್ ಪಾಠದ ದಿನ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಒಂದು ದಿನ ಬೆಂಚಿನಿಂದ ಇಳಿದವನು ಮತ್ತೆ ಆ ಕಡೆ ಹೋಗಲಿಲ್ಲ. ತರೀಕೆರೆಯಲ್ಲಿ ಲೇತ್ ಕೆಲಸ ಕಲಿತೆ, ಮೂವತ್ತು ತುಂಬುವುದರೊಳಗೆ ಬೀರೂರಿನಲ್ಲಿ ಸ್ವಂತ ವೆಲ್ಡಿಂಗ್ ಶೆಡ್ ಹಾಕಿದೆ. ಯಾರ ಮುಂದೆಯೂ ಕೈ ಚಾಚಿದವನಲ್ಲ. ಆದರೂ ಆ ಬೆಂಚು ನನ್ನನ್ನು ಬಿಡಲಿಲ್ಲ. ಅದರ ಫಲ ಉಂಡವರು ಗುರುಶಾಂತಪ್ಪನವರು.

ನನ್ನ ಶೆಡ್ಡಿನ ಪಕ್ಕದ್ದೇ ಅವರ ಕೋವಿ ಅಂಗಡಿ. ಕಡೂರು, ಅಜ್ಜಂಪುರದ ಕಡೆಯಿಂದ ಹೊಲಕ್ಕೆ ಕಾಡುಹಂದಿ ನುಗ್ಗಿ ಬೇಸತ್ತವರು, ಒಂಟಿಮನೆಯಲ್ಲಿ ಇರುವವರು ಲೈಸೆನ್ಸ್ ಹಿಡಿದು ಬರುತ್ತಿದ್ದರು. ಗುರುಶಾಂತಪ್ಪನವರನ್ನು ನಾನು ಯಜಮಾನರೇ ಎನ್ನುತ್ತಿದ್ದೆ. ಅವರದು ಬಿಳಿ ಪಂಚೆ, ಹಣೆಗೆ ವಿಭೂತಿ, ಪಕ್ಕದವನಿಗೂ ಕೇಳಿಸದಷ್ಟು ಸಣ್ಣ ದನಿ. ಮದುವೆಮನೆಯಲ್ಲಿ ಗಿರಾಕಿ ಎದುರು ಸಿಕ್ಕರೆ ಅವರು ಗುರುತೇ ಇಲ್ಲದವರಂತೆ ಎಲೆ ಮುಂದೆ ತಲೆ ತಗ್ಗಿಸಿಬಿಡುತ್ತಿದ್ದರು. ಹೊಸಬರು ಇದೇನು ಸೊಕ್ಕು ಅಂದುಕೊಳ್ಳುತ್ತಿದ್ದರು. ಒಮ್ಮೆ ನಾನೇ ಕೇಳಿದೆ.

“ನಾನು ನಮಸ್ಕಾರ ಅಂದ್ರೆ ಪಂಕ್ತೀಲಿ ಕೂತೋರೆಲ್ಲ ಏನ್ ತಿಳ್ಕಂತಾರೆ? ಇವ್ನ ಮನೇಲಿ ಕೋವಿ ಐತೆ ಅಂತ ತಾನೆ?” ಅಂದರು.

ಮಾರಿದ ಕೋವಿ, ಕೊಟ್ಟ ತೋಟಾ, ಕೊಂಡವರ ಹೆಸರು, ಊರು, ಎಲ್ಲವನ್ನೂ ಒಂದು ಉದ್ದನೆಯ ಪುಸ್ತಕದಲ್ಲಿ ಬರೆಯಬೇಕು, ಅದು ಕಾನೂನು. ಗಿರಾಕಿ ಸಹಿ ಹಾಕುವಾಗ ಮೇಲಿನವರ ಹೆಸರು ಕಾಣಬಾರದೆಂದು ನನ್ನ ಕೈಯಲ್ಲೇ ಒಂದು ತಗಡು ಮಾಡಿಸಿಕೊಂಡಿದ್ದರು. ನಡುವೆ ಒಂದು ಸಾಲಿನಷ್ಟೇ ಸೀಳು. ಅದನ್ನು ಪುಟದ ಮೇಲೆ ಇಟ್ಟರೆ ಅವರವರ ಸಾಲು ಮಾತ್ರ ಅವರವರಿಗೆ.

“ಸರ್ಕಾರ ಕೇಳ್ತದೆ, ಬರ್ದು ಕೊಡ್ತೀನಿ. ಪಕ್ಕದ ಸಾಲ್ನಲ್ಲಿ ಯಾರವ್ರೆ ಅಂತ ಊರೋರಿಗ್ಯಾಕೋ? ಯಾವ್ ಮನೇಲಿ ಐತೆ ಅಂತ ಗೊತ್ತಾದ್ರೆ, ಯಾವ್ ಮನೇಲಿ ಇಲ್ಲ ಅಂತ್ಲೂ ಗೊತ್ತಾಗ್ತದೆ.”

ಎಲ್ಲವೂ ಕಂಪ್ಯೂಟರಿಗೆ ಹೋಗುತ್ತದೆಂದು ಕೇಳಿದಾಗ ಅವರಿಗೆ ಎರಡು ದಿನ ಊಟ ಸೇರಲಿಲ್ಲ. “ಪುಸ್ತಕ ನೋಡೋನು ನನ್ ಮೆಟ್ಲು ಹತ್ಬೇಕು, ಮುಖ ಕಾಣ್ತದೆ. ಅಲ್ಲಿ ನೋಡೋನ ಮುಖ ಯಾರ್ ಕಂಡೋರು?” ಎನ್ನುತ್ತಿದ್ದರು.

ಮುಖ ತೋರಿಸಿಯೇ ಬಂದ ಒಬ್ಬ.

ಚುನಾವಣೆಗೆ ಮುಂಚಿನ ದಿನಗಳು. ಮಧ್ಯಾಹ್ನ ಯಜಮಾನರು ಊಟಕ್ಕೆ ಹೋದಾಗ ಅಂಗಡಿ ಬಾಗಿಲು ನೋಡಿಕೊಳ್ಳುವುದು ನನ್ನ ಪಾಲು. ಕೋವಿ ಬೀರುವಿನ ಬೀಗದ ಕೈ ಅವರ ಸೊಂಟದಲ್ಲಿ, ಪುಸ್ತಕ ಮಾತ್ರ ಮೇಜಿನ ಮೇಲೆ. ಇಸ್ತ್ರಿ ಷರಟು, ಕೈಯಲ್ಲಿ ಫೈಲು, ಕೊರಳಲ್ಲಿ ಕಾರ್ಡು ಹಾಕಿಕೊಂಡವನೊಬ್ಬ ಮೆಟ್ಟಿಲು ಹತ್ತಿ, “ವೆರಿಫಿಕೇಶನ್‌ಗೆ ಬಂದಿದೀನಿ, ಲೆಟರ್ ಓದ್ಕೊಳ್ಳಿ” ಎಂದು ಹಾಳೆ ಚಾಚಿದ. ಪೂರಾ ಇಂಗ್ಲಿಷ್.

“ಓದಕ್ ಬರುತ್ತಲ್ಲ?” ಎಂದು ನಕ್ಕ.

ಮುಖ ಬಿಸಿಯಾಯಿತು. ಓದಿದವನ ಹಾಗೆ ಕಣ್ಣನ್ನು ಮೇಲಿನಿಂದ ಕೆಳಗೆ ಇಳಿಸಿ, “ಸರಿ ಐತೆ ಸಾರ್, ನೋಡ್ಕಳಿ” ಎಂದೆ. ಅವನು ತಗಡನ್ನು ಒಂದು ಬೆರಳಿನಿಂದ ಪಕ್ಕಕ್ಕೆ ತಳ್ಳಿ, ಫೋನಿನಲ್ಲಿ ಆ ಪುಟದ ಫೋಟೊ ಹೊಡೆದುಕೊಂಡ. ಒಂದು ಪುಟ, ಹನ್ನೊಂದು ಹೆಸರು. ಥ್ಯಾಂಕ್ಸ್ ಹೇಳಿ ಇಳಿದು ಹೋದ.

ಯಜಮಾನರು ಬಂದ ಮೇಲೆ ಹೇಳಿದೆ.

“ಕಾಗ್ದದಲ್ಲಿ ಏನಿತ್ತು?”

ಬಂದವನ ಷರಟು, ಕೊರಳಿನ ಕಾರ್ಡು ಹೇಗಿತ್ತೆಂದು ಹೇಳತೊಡಗಿದೆ.

“ಲೇ ಕುಮಾರ, ಏನಿತ್ತೋ?”

“ನಂಗೆ ಓದಕ್ ಬರ್ಲಿಲ್ಲ ಯಜಮಾನ್ರೇ.”

“ಹಂಗಂತ ಅವ್ನಿಗೆ ಹೇಳಕ್ಕೆ ಏನಾಗಿತ್ತು ನಿಂಗೆ?”

ಅವರು ಬೈಯಲಿಲ್ಲ. ಠಾಣೆಗೆ ಹೋದೆವು. ನಾವು ಯಾರನ್ನೂ ಕಳಿಸಿಲ್ಲ ಎಂದರು, ದೂರು ಬರೆದುಕೊಂಡರು. ಹೊರಗೆ ಬಂದ ಯಜಮಾನರು ಪಂಚೆ ಎತ್ತಿ ಕಟ್ಟಿ, “ನಡಿ, ಹನ್ನೊಂದು ಮನೆಗೂ ಹೋಗಣ. ನೀನೇ ಹೇಳ್ಬೇಕು,” ಎಂದರು.

ಎಪ್ಪತ್ತು ದಾಟಿದ ಮನುಷ್ಯ ನಾಲ್ಕು ದಿನ ನನ್ನ ಬೈಕಿನ ಹಿಂದೆ ಕೂತು ತಿರುಗಿದರು. ಪ್ರತಿ ಮನೆಯ ಜಗಲಿಯಲ್ಲೂ ಅವರು ಸುಮ್ಮನೆ ನಿಲ್ಲುವುದು, ನಾನು ಬಾಯಿ ಬಿಡುವುದು. ಶಿವನಿಯಲ್ಲಿ ಒಬ್ಬ ಅಜ್ಜಿ ಕೊಡ ಕೆಳಗಿಟ್ಟು ನನ್ನನ್ನೇ ನೋಡಿದಳು. “ನಮ್ಮ ಬೀಗ್ರಿಗೇ ಗೊತ್ತಿಲ್ಲ ಕಣಪ್ಪಾ, ಮನೇಲಿ ಕೋವಿ ಐತೆ ಅಂತ. ನೀನು ಯಾರ್ಗೋ ತೋರ್ಸಿ ಬಂದ್ಯಾ?” ಯಜಮಾನರು ಆಕೆಗೆ ಕೈಮುಗಿದರು. ನಾನೂ ಕೈಮುಗಿಯುವಷ್ಟರಲ್ಲಿ ಆಕೆ ಒಳಗೆ ಹೋಗಿಯಾಗಿತ್ತು.

ಚುನಾವಣೆ ಮುಗಿಯಿತು, ಅದಕ್ಕೆಂದು ನಿಯಮದಂತೆ ಠಾಣೆಯಲ್ಲಿ ಜಮಾ ಮಾಡಿದ್ದ ಕೋವಿಗಳು ವಾಪಸ್ ಮನೆ ಸೇರಿದವು. ಆಮೇಲೆ ಮೂರನೇ ವಾರ ಚೌಳಹಿರಿಯೂರಿನ ಕಡೆಯ ಒಂದು ಹೊಲದ ಮನೆಯ ಬೀಗ ಒಡೆದಿತ್ತು. ಪುಟದಲ್ಲಿ ಆರನೆಯ ಹೆಸರು. ಮನೆಯವರು ಮದುವೆಗೆ ಹೋಗಿದ್ದರು. ಬೀರುವಿನಲ್ಲಿ ಒಡವೆ ಹಾಗೇ ಇತ್ತು, ಕೊಟ್ಟಿಗೆಯಲ್ಲಿ ಹೊಸ ಮೋಟಾರು ಹಾಗೇ ಇತ್ತು. ಹೋದದ್ದು ಕೋವಿ, ಒಂದು ಡಬ್ಬಿ ತೋಟಾ, ಅಷ್ಟೆ. ಬಂದವನು ಬೇರೇನನ್ನೂ ಹುಡುಕಿಯೇ ಇರಲಿಲ್ಲ.

ವಿಚಾರಣೆಯಲ್ಲಿ ಯಜಮಾನರು ನಡೆದದ್ದೆಲ್ಲ ಹೇಳಿ, “ಪುಸ್ತಕ ನಂದು, ಅದನ್ನ ಮೇಜಿನ ಮೇಲೆ ಬಿಟ್ಟು ಉಣ್ಣಕ್ಕೆ ಹೋದೋನು ನಾನು” ಎಂದು ಬರೆಸಿದರು. ಆ ವರ್ಷ ಅಂಗಡಿಯ ಲೈಸೆನ್ಸ್ ಹೊಸದು ಮಾಡಿಸಲಿಲ್ಲ. ಪುಸ್ತಕಗಳನ್ನೆಲ್ಲ ಗೋಣಿಚೀಲದಲ್ಲಿ ಹೊಲಿದು, ಲೈಸೆನ್ಸ್ ಕೊಡುವ ಕಚೇರಿಗೆ ಒಪ್ಪಿಸಿ, ರಸೀದಿ ಪಡೆದು ಬಂದರು.

ಕೊನೆಯ ಸಲ ನೋಡಿದ್ದು ತರೀಕೆರೆಯ ಮಗಳ ಮನೆಯಲ್ಲಿ. ಮಂಚದ ಮೇಲಿದ್ದರು. ದನಿ ಮೊದಲೇ ಸಣ್ಣದು, ಆಗ ಬಾಯಿಗೆ ಕಿವಿ ಕೊಡಬೇಕಿತ್ತು.

“ಸಿಕ್ತಾ?” ಎಂದರು.

“ಇಲ್ಲ ಯಜಮಾನ್ರೇ. ಕೋವೀನೂ ಇಲ್ಲ, ಅವ್ನೂ ಇಲ್ಲ.”

ಬೆರಳು ಮಡಿಸಿ ಎಣಿಸಿದರು. “ಇನ್ನೂ ಹತ್ತು ಮನೆ ಅವೆ ಕಣೋ.”

ಅವರು ಹೋಗಿ ಎರಡು ವರ್ಷವಾಯಿತು. ಆ ಫೋಟೊ ಯಾರ ಫೋನಿನಲ್ಲಿದೆಯೋ, ಎಷ್ಟು ಫೋನಿಗೆ ಹೋಗಿದೆಯೋ ಯಾರಿಗೂ ತಿಳಿಯದು. ಪ್ರತಿ ತಿಂಗಳೂ ಆ ಮನೆಗಳಿಗೆ ಫೋನ್ ಮಾಡಿ, ಎಲ್ಲ ಸರಿ ಇದೆಯಾ ಎಂದು ಕೇಳುತ್ತೇನೆ.

ಈಗ ನನಗಿರುವುದು ಒಂದು ಶೆಡ್, ಎರಡು ವೆಲ್ಡಿಂಗ್ ಸೆಟ್, ಒಂದು ಲೇತ್, ಮೂವರು ಕೆಲಸದವರು. ಕೇಳಬೇಕಾದ ಮನೆ ಹತ್ತು. ಫೋನ್ ಎತ್ತುವ ಮನೆ ನಾಲ್ಕು.